ಮೂವತ್ತು ಜನಕ್ಕೆ ಬಿಸಿಬೇಳೆಬಾತ್

ಟೂಟಿಂಗ್, ಲಂಡನ್
೧೦ ಏಪ್ರಿಲ್ ೧೯೯೯

ಕಲ್ಯಾಣಿ ಅಮ್ಮನಿಗೆ ನಮಸ್ಕಾರ,

ಇಷ್ಟು ದಿನ ಸುಮ್ಮನಿದ್ದು ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆಯ ದಿನಗಳಲ್ಲಿ ನಿಮ್ಮ ಹಾಸ್ಟೆಲ್ ಅಡುಗೆಮನೆಗೆ ಬಿಡುವಿರುವುದಿಲ್ಲ ಎಂದೂ ಗೊತ್ತು.

ಲಂಡನ್ ನನ್ನ ಇಂಗ್ಲಿಷ್ ತಾಯಿಯ ಊರೇ ಆದರೂ ಕಾಲೇಜಿನಲ್ಲಿ ಇನ್ನೂ ಯಾರೊಂದಿಗೂ ಸಲುಗೆಯಿಲ್ಲ. ಆದರೆ ಆಸ್ಟ್ರೇಲಿಯದವರ ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಸೇರಿದ್ದೇನೆ. ಮೊಟ್ಟೆಯಂಥ ಚೆಂಡು, ಒದೆಯಲೂಬಹುದು, ಕೈಯಲ್ಲಿ ಗುದ್ದಲೂಬಹುದು. ಮೊನ್ನೆ ಆಟಗಾರರೇ ಚೀಟಿಯಲ್ಲಿ ಹೆಸರು ಬರೆದು ನಾಯಕರನ್ನು ಆರಿಸಿದರು. ಕ್ಯಾಪ್ಟನ್ ಆದ ಗ್ರೆಗ್ "ವೈಸ್ ಕ್ಯಾಪ್ಟನ್, ಸುಮಿತ್!" ಎಂದಾಗ ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ಗೋಡೆಯಿತ್ತು.

"ನಾನ್ಯಾಕೆ? ಅಭ್ಯಾಸದಲ್ಲೂ ಒಂದು ಗೋಲು ಹೊಡೆದಿಲ್ಲ," ಎಂದೆ.

"ಗೋಲು ಹೊಡೆಯೋರು ಬೇಕಾದಷ್ಟಿದ್ದಾರೆ ಕಣೋ. ಎಲ್ಲರೂ ನೀರು ಕುಡಿದ್ರಾ ಅಂತ ನೋಡದೆ ನೀನು ಬಾಟಲಿ ಮುಟ್ಟಲ್ಲ," ಎಂದ. ಎಲ್ಲರೂ ಬೆಂಚು ಬಡಿದರು.

ಅದು ನೀವು ಕಲಿಸಿದ್ದು ಅಮ್ಮ. ಹಾಸ್ಟೆಲ್ಲಿನಲ್ಲಿ ಬಡಿಸುವಾಗ, "ಏ ಇಂಗ್ಲಿಷ್ ಹುಡುಗ, ಕೊನೇ ಸಾಲಿಗೆ ಸಾರು ಹೋಗೋವರ್ಗೂ ತಟ್ಟೆ ಮುಟ್ಟಿದ್ರೆ ನೋಡು!" ಅಂತ ಬೈತಿದ್ದಿರಲ್ಲ.

ಇಲ್ಲಿ ಹೊಸ ನಾಯಕರು ಮೊದಲ ಪಂದ್ಯದ ದಿನ ತಂಡಕ್ಕೆ ಊಟ ಹಾಕಬೇಕು. ಗ್ರೆಗ್ ಸಾಸೇಜು ಸುಡುತ್ತಾನೆ. ನಾನು ಧೈರ್ಯ ಮಾಡಿ ಬಿಸಿಬೇಳೆಬಾತ್ ಎಂದುಬಿಟ್ಟೆ! ಬೇಳೆ, ಹುಣಸೆಹಣ್ಣು ಇಲ್ಲೇ ಸಿಗುತ್ತವೆ, ಅಳತೆ ಗೊತ್ತಿಲ್ಲ. ಮೂವತ್ತು ಜನಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಪುಡಿ ಎಷ್ಟು? ಕೊನೆಗೆ ಕೂರುವವನಿಗೂ ಒಂದು ಸೌಟು ಉಳಿಯುವ ಹಾಗೆ ಹೇಳಿ.

ಪಂದ್ಯ ಮೇ ತಿಂಗಳ ಮೊದಲ ಶನಿವಾರ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ ಹುಡುಗ,
ಸುಮಿತ್