ಗೈಬುಸಾಬ ಊದಿದ ಕುಸ್ತಿಯ ಹಾಡು

ಇಂಡಿ
೧೨ ಮೇ ೧೯೭೮

ಪ್ರೀತಿಯ ತಮ್ಮ ಶಂಕರೆಪ್ಪಾ,

ಹೇಗಿದ್ದೀಯಪ್ಪಾ? ಗಿರಣಿಯ ಹತ್ತಿಧೂಳಿಗೆ ನಿನಗೆ ಕೆಮ್ಮು ಹಿಡಿದಿದೆಯೆಂದು ಕೇಳಿದೆ. ಬೆಲ್ಲದ ಜೊತೆ ಮೆಣಸಿನಕಾಳು ಜಗಿ, ಉದಾಸೀನ ಮಾಡಬೇಡ. ನಾವು ಕ್ಷೇಮ. ಕನ್ನೊಳ್ಳಿಯಲ್ಲಿ ಅವ್ವನ ಕಣ್ಣು ಮಾತ್ರ ಮಂಜಾಗುತ್ತಿದೆ.

ಎರಡು ವರ್ಷದಿಂದ ಬರೆಯದ ಮಾತನ್ನು ಇಂದು ಬರೆಯುತ್ತೇನೆ, ಸಿಟ್ಟಾಗಬೇಡ. ಸಿಂದಗಿಯ ಟೂರಿಂಗ್ ಟಾಕೀಸಿನಲ್ಲಿ ಆ ಕುಸ್ತಿಯ ಸಿನಿಮಾವನ್ನು ನೀನು ಆರು ಸಲ ನೋಡಿದೆ. ಅದರ ಹಾಡನ್ನು ಬ್ಯಾಂಡಿನ ಗೈಬುಸಾಬನಿಗೆ ಕಲಿಸಿದವನೂ ನೀನೇ. ನೀನು ಕಣಕ್ಕಿಳಿದಾಗಲೆಲ್ಲ ಅವನು ಅದನ್ನೇ ಊದುತ್ತಿದ್ದ. ಹಲಸಂಗಿಯ ಸಿದ್ರಾಮನನ್ನು ನೀನು ಎತ್ತಿ ಒಗೆದ ದಿನವೂ ಊದಿದ. ಸಿದ್ರಾಮ ಮೇಲೇಳಲಿಲ್ಲ, ಸೊಂಟದ ಎಲುಬು ಮುರಿದಿತ್ತು. ಅದನ್ನು ಕಾಣದೆ ಗೈಬುಸಾಬ ಊದುತ್ತಲೇ ಇದ್ದ, ಜನ ಕುಣಿಯುತ್ತಲೇ ಇದ್ದರು. ಆ ವಾರವೇ ನೀನು ಸೊಲ್ಲಾಪುರಕ್ಕೆ ಹೋದೆ, ತಿರುಗಿ ಬರಲಿಲ್ಲ. ಆದರೆ ಹಾಡು ಎಲ್ಲಿಗೂ ಹೋಗಲಿಲ್ಲವಲ್ಲ, ತಮ್ಮಾ. ಮುದ್ದೇಬಿಹಾಳದ ತನಕ ಬ್ಯಾಂಡಿನವರೆಲ್ಲ ಅದನ್ನೇ ಊದುತ್ತಾರೆ. ಶಾಲೆಯ ಓಟದ ಪಂದ್ಯಕ್ಕೂ ಅದೇ ಬೇಕು. ಕಿವಿಗೆ ಬಿದ್ದರೆ ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಮೊನ್ನೆ ನಮ್ಮ ಓಣಿಯ ಮದುವೆಯಲ್ಲಿ ಗೈಬುಸಾಬ ಅದನ್ನು ಶುರು ಮಾಡಿದವನು, ನನ್ನನ್ನು ಕಂಡೊಡನೆ ನಿಲ್ಲಿಸಿಬಿಟ್ಟ. ಆಗ ಚಪ್ಪರದ ಮೂಲೆಯಿಂದ, "ಯಾಕ ನಿಲ್ಲಿಸಿದ್ರಿ? ಊದ್ರಿ!" ಎಂದು ಯಾರೋ ಕೂಗಿದರು. ನೋಡಿದರೆ ಸಿದ್ರಾಮ. ಎರಡೂ ಕೈಯಲ್ಲಿ ಬಡಿಗೆ ಊರಿಕೊಂಡು ನನ್ನ ಕಡೆಗೇ ಬಂದ.

"ಅಕ್ಕಾರ, ದವಾಖಾನ್ಯಾಗ ನನಗ ಮತ್ತ ನಡಿಯಾಕ ಕಲಿಸೂ ಮುಂದ ಇದಽ ಹಾಡು ಗುನುಗತಿದ್ದೆ. ಇದರ ತಾಳಕ್ಕ ಒಂದೊಂದು ಹೆಜ್ಜಿ. ಶಂಕರೆಪ್ಪ ಅವತ್ತು ಹಾಕಿದ ಪಟ್ಟು ಸರಿ ಇತ್ರಿ, ಬೀಳೂದು ನಾನಽ ತಪ್ಪಿ ಬಿದ್ದೆ. ಆದ್ರ ಅವ ನನ್ನ ನೋಡಾಕ ಬರಲಿಲ್ಲ. ಅದಽ ಇನ್ನೂ ನೋಯತೈತಿ" ಎಂದ.

ನೀನು ಬಾರದೆ ಹೋದದ್ದು ಸೊಕ್ಕಿನಿಂದಲ್ಲ ಎಂದಷ್ಟೇ ಹೇಳಲು ನನಗಾಯಿತು. ಅವನು ತಲೆಯಾಡಿಸಿ, ಗೈಬುಸಾಬನಿಗೆ ಊದೆಂದು ಕೈ ಮಾಡಿದ. ಆ ಹಾಡನ್ನು ನಾನು ಕೊನೆಯವರೆಗೆ ಕೇಳಿದ್ದು ಎರಡು ವರ್ಷದಲ್ಲಿ ಅಂದೇ.

ಬಸವಣ್ಣ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಇಂದುಬಾಯಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ವಿಳಾಸ ಕೇಳಿಕೊಂಡು ಸಿದ್ರಾಮನೇ ತರುತ್ತಿದ್ದಾನೆ, ರೈಲಿನ ಹೊತ್ತಾಯಿತು. ಇದನ್ನು ಓದುವಾಗ ಅವನು ನಿನ್ನೆದುರೇ ಇರುತ್ತಾನೆ. ಅವನಿಗೆ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಮೊದಲು ಕೂರಿಸು.