ಸಹಿ ಹಾಕದ ದೂರು

ಮಳವಳ್ಳಿ
೧೮ ಆಗಸ್ಟ್ ೨೦೨೪

ನನ್ನ ತಂಗಿ ನಾಗಶ್ರೀಗೆ, ಅಣ್ಣ ಪ್ರಸನ್ನನ ಆಶೀರ್ವಾದ.

ಗೆಜ್ಜಲಗೆರೆಯಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಚೆನ್ನಾಗಿ ಎಲ್ಲಿಂದ ಇರುತ್ತೀರಿ, ಅವ್ವನ ತಿಥಿ ಕಳೆದು ಇನ್ನೂ ಹದಿನೈದು ದಿನವಾಗಿಲ್ಲ. ಆದರೂ ಕಾಗದ ಎಂದಮೇಲೆ ಹಾಗೇ ಶುರು ಮಾಡಬೇಕಲ್ಲ. ತಡವಾಯಿತೆಂದು ಬೈಯಬೇಡ. ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಅದು ಹೊಡೆದುಕೊಳ್ಳುವುದನ್ನು ನೋಡುತ್ತ ಕೂತಿದ್ದೆ. ಬಾಯಲ್ಲಿ ಹೇಳಲಾಗದ್ದಕ್ಕೇ ಬರೆಯುತ್ತಿದ್ದೇನೆ.

ತಿಥಿಯ ದಿನ ನೀನು ಕೈಗಿಟ್ಟ ದೂರಿನ ಅರ್ಜಿ ನನ್ನ ಮುಂದೆಯೇ ಇದೆ. ಶಾಲಿನಿಯ ಅಕ್ಷರ ಎಷ್ಟು ಮುದ್ದಾಗಿದೆ! ನಿನ್ನ ಮಗಳು ಭಾರತೀನಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವುದು ದಂಡವಾಗಿಲ್ಲ ಬಿಡು. 'ಅಮಾನತಿನಲ್ಲಿರುವ ನಾನು, ತಾಯಿ ಮಂಡ್ಯದ ಆಸ್ಪತ್ರೆಯಲ್ಲಿದ್ದಾರೆಂದು ತಿಳಿಸಿ ಊರು ಬಿಡಲು ಅನುಮತಿ ಕೇಳಿದರೂ, ಕೇಸ್ ವರ್ಕರ್ ರಂಜಿತ ಅವರು ಅರ್ಜಿಯನ್ನು ಮೇಜಿನಲ್ಲೇ ಇಟ್ಟುಕೊಂಡು ಸತಾಯಿಸಿದ್ದರಿಂದ, ತಾಯಿಯ ಕೊನೆಯ ಮುಖ ನೋಡುವ ಭಾಗ್ಯ ತಪ್ಪಿತು.' ನನ್ನ ಸಹಿಗೆ ಮಾತ್ರ ಜಾಗ ಬಿಟ್ಟಿದ್ದಾಳೆ. ನೀನು ಆವತ್ತು ಅಂದದ್ದು ಇನ್ನೂ ಕಿವಿಯಲ್ಲಿದೆ: "ಸೈನ್ ಆಕಣ್ಣ. ಅವ್ವ ಬಾಕ್ಲು ನೋಡ್ಕಂಡು ನೋಡ್ಕಂಡೇ ಪ್ರಾಣ ಬುಟ್ಲು. ಆ ಎಂಗ್ಸು ಮಾತ್ರ ನೆಮ್ದಿಯಾಗಿ ಕುರ್ಚಿ ಮ್ಯಾಲೆ ಕುಂತವ್ಳೆ."

ಸಹಿ ಹಾಕಿಲ್ಲ ನಾಗು. ಹಾಕುವುದೂ ಇಲ್ಲ.

ಅಮಾನತಿನ ಆದೇಶದ ಕೊನೆಯಲ್ಲಿ ಒಂದು ಸಾಲಿದೆ: 'ಪೂರ್ವಾನುಮತಿ ಇಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ.' ನನ್ನ ಕೇಂದ್ರಸ್ಥಾನ ಈ ಮಳವಳ್ಳಿ. ಏಳು ತಿಂಗಳಾಯಿತು. ಕಚೇರಿಯಲ್ಲಿ ನನಗೆ ಕೆಲಸವಿಲ್ಲ, ಹೊರಗೆ ಕೆಲಸ ಮಾಡುವಂತಿಲ್ಲ. ಎಲ್ಲೂ ದುಡಿಯುತ್ತಿಲ್ಲ ಎಂದು ತಿಂಗಳು ತಿಂಗಳೂ ಬರೆದುಕೊಡಬೇಕು. ಕೋಣೆಯ ಕೆಳಗೆ ಚಿಕ್ಕಬೋರಯ್ಯನ ದಿನಸಿ ಅಂಗಡಿ. "ಸುಮ್ನೆ ಕುಂತಿರೋ ಬದ್ಲು ಬಂದು ಈರುಳ್ಳಿನಾದ್ರೂ ತೂಗಿ ಸ್ವಾಮಿ" ಅನ್ನುತ್ತಾನೆ. ಅದನ್ನೂ ಯಾರಾದರೂ ಫೋಟೋ ತೆಗೆದಾರು ಎಂದು ಭಯ. ಅಮಾನತು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗಿನ ವ್ಯವಸ್ಥೆ ಅಷ್ಟೆ ಎಂದು ಅವನಿಗೆ ಬಿಡಿಸಿ ಹೇಳಿದೆ. "ಅಂಗಾರೆ ಸಿಕ್ಸೆ ಅಂದ್ರೆ ಎಂಗಿರ್ತದೆ ಸ್ವಾಮಿ?" ಅಂದ. ನನಗೆ ನಗು ಬಂತು, ಆಮೇಲೆ ಕೋಣೆಗೆ ಬಂದು ಅತ್ತೆ.

ಪಟ್ಟಲಮ್ಮನ ವಿಷಯ ನಿನಗೆ ಅರ್ಧ ಗೊತ್ತು, ಪೂರ್ತಿ ಹೇಳುತ್ತೇನೆ. ಅವಳು ನಮ್ಮೂರಿಗೆ ಸೊಸೆಯಾಗಿ ಬಂದವಳು. ಅವಳ ತವರು ನಾನು ಗ್ರಾಮ ಆಡಳಿತಾಧಿಕಾರಿಯಾಗಿದ್ದ ಊರು. ಅವಳ ಅಪ್ಪ ತೀರಿಕೊಂಡಮೇಲೆ ಅಣ್ಣಂದಿರು ಜಮೀನು ತಮ್ಮ ಹೆಸರಿಗೆ ಮಾಡಿಸಲು ವಂಶವೃಕ್ಷ ಕೇಳಿದರು. ಯಾರು ಯಾರು ಮಕ್ಕಳು ಎಂದು ಊರಿನವರ ಎದುರು ಕೇಳಿ ಬರೆದುಕೊಳ್ಳಬೇಕಾದವನು ನಾನು. "ಕೊಟ್ಟೆಣ್ಣು ಕುಲಕ್ಕೆ ವರ್ಗು ಸ್ವಾಮಿ, ಅವಳ್ನ ಬರೀಬ್ಯಾಡಿ" ಅಂದರು ದೊಡ್ಡವರು. ಎಲ್ಲರೂ ತಲೆಯಾಡಿಸಿದರು. ಅವರ ಕೈಯಿಂದ ಒಂದು ಕಾಸು ಮುಟ್ಟಲಿಲ್ಲ, ಒಂದು ಲೋಟ ಟೀ ಕುಡಿದೆ. ಅಂಥ ದೊಡ್ಡ ಮನುಷ್ಯರು ನನ್ನನ್ನು ಜಗಲಿಯ ಮೇಲೆ ಕೂರಿಸಿ 'ಸ್ವಾಮಿ' ಅಂದದ್ದೇ ನನಗೆ ಸಾಕಾಗಿತ್ತು, ಥೂ! ಪಟ್ಟಲಮ್ಮನ ಹೆಸರು ಬಿಟ್ಟು ಸಹಿ ಹಾಕಿದೆ. ಅವಳು ದೂರು ಕೊಟ್ಟಳು, ಅದರ ಮೇಲೇ ಈ ಅಮಾನತು. ಇಂಥವಳೊಬ್ಬಳು ಇದ್ದಾಳೆಂದು ಗೊತ್ತಿರಲಿಲ್ಲ ಎಂದು ನೋಟೀಸಿಗೆ ಉತ್ತರ ಬರೆದೆ. ಅವ್ವನ ಪಕ್ಕದಲ್ಲೇ ನಿಂತು ವರ್ಷಗಟ್ಟಲೆ ನಾಟಿ ಹಾಕಿದವಳು, ನಮ್ಮ ಒಲೆ ಮುಂದೆ ಕೂತು ಮುದ್ದೆ ಉಂಡವಳು, ನನಗೆ ಗೊತ್ತಿರಲಿಲ್ಲವಂತೆ.

ಅವ್ವ ಹಾಸಿಗೆ ಹಿಡಿಯುವ ಮುಂಚೆ ಒಂದು ದಿನ ಫೋನ್ ಮಾಡಿದಳು. "ಪಟ್ಟಲಮ್ಮ ಬಂದು ಅತ್ಗಂಡೋದ್ಲು ಕಣ್ಲಾ. ಅವ್ಳೆಸ್ರು ಯಾಕ್ಲಾ ಬುಟ್ಟೆ?" ಬೈಯಲಿಲ್ಲ. ಅಷ್ಟೇ ಕೇಳಿದಳು. ಲೈನ್ ಸರಿಯಿಲ್ಲ ಅವ್ವ ಎಂದು ಕಟ್ ಮಾಡಿದೆ. ಕೂಲಿ ಮಾಡಿ ಓದಿಸಿದ ಮಗ ಸರ್ಕಾರದೋನು ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ಓಡಾಡಿದವಳು. ಅವಳಿಗೆ ಏನೆಂದು ಉತ್ತರ ಕೊಡಲಿ?

ಈಗ ರಂಜಿತಳ ಮೇಲೆ ದೂರು ಹೋದರೆ ಅವಳನ್ನೂ ಅಮಾನತಿನಲ್ಲಿಡುತ್ತಾರೆ. ಸತ್ತ ತಾಯಿಯ ವಿಷಯ, ಪೇಪರಿನಲ್ಲಿ ಬರುತ್ತದೆ, ಯಾರೂ ಎರಡನೇ ಮಾತು ಕೇಳುವುದಿಲ್ಲ. ಆಮೇಲೆ ಅವಳೂ ತಿಂಗಳು ತಿಂಗಳು ಬರೆದುಕೊಡುತ್ತ ಕೂರಬೇಕು. ಆ ಕಚೇರಿಗೆ ಹೋದಾಗ ನನಗೆ "ಕೂತ್ಕೊಳಿ ಸಾರ್" ಅನ್ನುವವಳು ಅವಳೊಬ್ಬಳೇ. ಉಳಿದವರಿಗೆ ನಾನು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಅರ್ಜಿಯನ್ನು ಹಾಗೆಯೇ ವಾಪಸು ಕಳಿಸುತ್ತಿದ್ದೇನೆ. ನನ್ನ ವಿಚಾರಣೆ ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಮುಗಿದು ಕೆಲಸ ಸಿಕ್ಕರೂ ಯಾರಿಗೆ ಹೇಳಿ ಖುಷಿಪಡಲಿ? ಬದುಕು ಸಾಕಾಗಿದೆ ನಾಗು, ಸುಳ್ಳು ಹೇಳುವುದಿಲ್ಲ.

ಶಾಲಿನಿಗೆ ನನ್ನ ಆಶೀರ್ವಾದ ತಿಳಿಸು, ಅವಳ ಓದು ನಿಲ್ಲಿಸಬೇಡ. ಅವ್ವನ ಸೀರೆಗಳನ್ನು ನೀನೇ ಇಟ್ಟುಕೋ, ನನಗೆಂದು ಏನೂ ತೆಗೆದಿಡುವುದು ಬೇಡ. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಣ್ಣ,
ಪ್ರಸನ್ನ

ಮತ್ತೆ: ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ರಂಜಿತ ತಡ ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಅರ್ಜಿ ಕೊಟ್ಟೆ. ಊಟಕ್ಕೂ ಏಳದೆ ಸಾಹೇಬರ ಬಾಗಿಲಲ್ಲಿ ನಿಂತು, ಸಹಿ ಮಾಡಿಸಿ, ಮಧ್ಯಾಹ್ನವೇ ಅನುಮತಿ ಪತ್ರ ನನ್ನ ಕೈಗಿಟ್ಟು, "ಬೇಗ ಹೋಗಿ ಸಾರ್" ಅಂದಳು. ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ, ತಾರೀಖು ನೋಡು. ಅವ್ವ ಹೋದದ್ದು ಗುರುವಾರ. ನಾನು ಸೋಮವಾರ ಸಂಜೆಯೇ ಮಂಡ್ಯಕ್ಕೆ ಬಂದಿದ್ದೆ ನಾಗು. ಅವ್ವ ಮತ್ತೆ ಅದನ್ನೇ ಕೇಳಿದರೆ ಎಂದು ಆಸ್ಪತ್ರೆಯ ಎದುರಿಗೇ ಕಾಲು ನಿಂತುಹೋಯಿತು. ನೀನು ಬಿಸಿನೀರಿಗೆಂದು ಫ್ಲಾಸ್ಕ್ ಹಿಡಿದು ಗೇಟಿನ ಹತ್ತಿರ ಬಂದೆ, ಅಲ್ಲೇ ನಿಂತು ನನಗೆ ಫೋನ್ ಮಾಡಿದೆ. "ಪರ್ಮಿಸನ್ ಬಂತಾ ಅಣ್ಣ?" ಅಂದೆ. ನಾನು ರಸ್ತೆಯ ಈಚೆ ಬದಿಯಲ್ಲಿ ನಿಂತು, ನಿನ್ನನ್ನೇ ನೋಡುತ್ತ, "ಇನ್ನೂ ಇಲ್ಲ ಕಣಮ್ಮ" ಅಂದೆ.