ಉದ್ಘಾಟನೆಯಾಗದ ಬಯಲು

ಹತ್ತಿಕೊಪ್ಪ, ಕ್ರಿ.ಶ. 2193
ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ

ಹತ್ತಿಕೊಪ್ಪ ಡಿಸ್ಕ್ ಗಾಲ್ಫ್ ಸಮಿತಿಯ ಅಧ್ಯಕ್ಷರಾದ ಫಕೀರಪ್ಪ ತಡಸದ ಮಾಸ್ತರರಿಗೂ ಎಲ್ಲ ಸದಸ್ಯರಿಗೂ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಬೇಸಿಗೆ ಉದ್ದವಾಗುತ್ತ ಹೋದಾಗ ನಮ್ಮವರು ಹನ್ನೆರಡು ತಿಂಗಳುಗಳಿಂದಲೂ ಕೆಲವು ದಿನ ಕತ್ತರಿಸಿ, ಅವನ್ನೆಲ್ಲ ಕೂಡಿಸಿ, ಬಿಡುಮಾಸ ಎಂಬ ಹೊಸ ತಿಂಗಳನ್ನು ಮಾಡಿದರು. ಬಿಡುಮಾಸದಲ್ಲಿ ಶಾಲೆಗಳಿಗೆ ರಜೆ, ಕಚೇರಿಗಳಿಗೆ ಮಾತ್ರ ಇಲ್ಲ. ಜನ ಮನೆಯೊಳಗೆ ಸೇರಿಕೊಂಡಿರುವಾಗ ಆದೇಶ ಹೊರಡಿಸಲು ಅದಕ್ಕಿಂತ ಒಳ್ಳೆಯ ಕಾಲ ಬೇರೆ ಯಾವುದಿದೆ? ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬಂದರೆ ಕ್ಷಮಿಸಬೇಕು. ಸಿಟ್ಟು ಬಂದರೆ ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಹಿಂದಿನ ಕಾಲದವರಿಗೆ ಬರೆಯುವ ಪತ್ರವನ್ನು ನಾವು ಹಿನ್ನೋಲೆ ಎನ್ನುತ್ತೇವೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಸಲ ಇದನ್ನು ಕಳಿಸಲು ಅವಕಾಶ. ಹೆಚ್ಚಿನವರು ತಮ್ಮ ಮುತ್ತಜ್ಜಂದಿರಿಗೆ ಬರೆದು, ಇಂಥ ಕಾಯಿಲೆ ಬರಲಿದೆ, ಮೊದಲೇ ಜೋಪಾನವಾಗಿರಿ ಎಂದು ಎಚ್ಚರಿಸುತ್ತಾರೆ. ನಾನು ಎಂಬತ್ತೊಂದು ವರ್ಷ ಕಾದಿಟ್ಟುಕೊಂಡಿದ್ದ ಹಿನ್ನೋಲೆಯನ್ನು ನಿಮ್ಮ ಸಮಿತಿಗೆ ಬರೆಯುತ್ತಿದ್ದೇನೆಂದು ತಿಳಿದು ನನ್ನ ಮಗಳು ಎರಡು ದಿನ ಮಾತು ಬಿಟ್ಟಿದ್ದಳು. ಇದು ನಿಮ್ಮ ಹದಿನೇಳನೆಯ ಸಭೆಯ ಹಿಂದಿನ ದಿನ ನಿಮ್ಮ ಕೈ ಸೇರಬೇಕು. ನಾಳೆ ಆ ಸಭೆಯಲ್ಲಿ ನೀವು ಏನು ಬರೆಯಲಿದ್ದೀರಿ ಎಂಬುದು ನನಗೆ ಗೊತ್ತಿದೆ. ಅದನ್ನು ಬರೆಯಬೇಡಿ ಎಂದು ಹೇಳಲಿಕ್ಕೇ ಈ ಪತ್ರ.

ಮೊದಲು ನಿಮ್ಮ ಬಯಲು ಈಗ ಹೇಗಿದೆ ಎಂದು ಹೇಳುತ್ತೇನೆ. ಮುಚ್ಚಿದ ಹತ್ತಿ ಗಿರಣಿಯ ಹಿಂದೆ ನೀವು ಜಾಲಿ ಕಡಿದು ನಿಲ್ಲಿಸಿದ ಒಂಬತ್ತು ಬುಟ್ಟಿಗಳ ಜಾಗದಲ್ಲಿ ಇಂದಿಗೂ ಒಂಬತ್ತು ಬುಟ್ಟಿಗಳಿವೆ. ಸೈಕಲ್ ರಿಮ್ಮಿಗೆ ಎಮ್ಮೆ ಕಟ್ಟುವ ಸರಪಳಿ ಇಳಿಬಿಟ್ಟು ನೀವು ಮಾಡಿಸಿದ ಬುಟ್ಟಿಗಳು ತುಕ್ಕು ತಿಂದು ಹೋದವು, ಆದರೆ ಅದೇ ಅಳತೆಯಲ್ಲಿ ನಾವು ನಾಲ್ಕು ಸಲ ಹೊಸದು ಮಾಡಿಸಿದ್ದೇವೆ. ಡಿಸ್ಕಿಗೆ ನಾವು ತಟ್ಟೆ ಎನ್ನುತ್ತೇವೆ. ಹತ್ತಿಬೀಜದ ಹಿಂಡಿಯನ್ನು ಒತ್ತಿ ಮಾಡಿದ್ದು, ಪೊದೆಯಲ್ಲಿ ಕಳೆದರೆ ಎಮ್ಮೆಯ ಪಾಲು. ನಿಂತಲ್ಲಿಂದ ಎಸೆಯುವುದು, ಬಿದ್ದಲ್ಲಿಗೆ ನಡೆದು ಅಲ್ಲಿಂದ ಮತ್ತೆ ಎಸೆಯುವುದು, ಕಡಿಮೆ ಎಸೆತದಲ್ಲಿ ಸರಪಳಿಗೆ ತಾಗಿಸಿ ಬುಟ್ಟಿಗೆ ಬೀಳಿಸಿದವರು ಗೆದ್ದಂತೆ. ಇಷ್ಟು ಆಟ ನಿಮ್ಮಿಂದ ಬಂದದ್ದೇ. ನಾವು ಸೇರಿಸಿದ್ದು ಒಂದೇ ನಿಯಮ: ಯಾರ ತಟ್ಟೆ ಮರಕ್ಕೆ ಬಡಿಯುತ್ತದೆಯೋ ಅವರು ಆ ಮರಕ್ಕೆ ಒಂದು ಕೊಡ ನೀರು ಹಾಕಬೇಕು. ಇಂದು ಅಲ್ಲಿ ಇನ್ನೂರು ಬೇವು, ಹುಣಸೆ, ಹೊಂಗೆ ಮರಗಳಿವೆ. ಇವು ಬೆಳೆದದ್ದು ಊರಿನ ಗುರಿತಪ್ಪುವ ಆಟಗಾರರಿಂದ. ನನ್ನ ಗೆಳತಿ ದ್ಯಾಮವ್ವ ಅಸುಂಡಿ ಒಬ್ಬಳೇ ಎರಡನೆಯ ಬುಟ್ಟಿಯ ಹುಣಸೆಯನ್ನು ಮೂವತ್ತು ವರ್ಷ ಸಾಕಿದ್ದಾಳೆ.

ಬೆಳಿಗ್ಗೆ ಒಂಬತ್ತಕ್ಕೆ ನಮ್ಮೂರಲ್ಲಿ ಕಾವುಗಂಟೆ ಬಾರಿಸುತ್ತದೆ. ಆಮೇಲೆ ಸಂಜೆಯವರೆಗೆ ಬಿಸಿಲಿಗೆ ಬರುವಂತಿಲ್ಲ. ದುಡ್ಡಿದ್ದವರು ತಂಪುಮಾಳಿಗೆ ಎಂಬ ಮುಚ್ಚಿದ ಕಟ್ಟಡಗಳಲ್ಲಿ ಅಂಗೈ ಒತ್ತಿ ಒಳಹೋಗಿ ನಡೆದಾಡುತ್ತಾರೆ. ಉಳಿದವರಿಗೆ ಗಂಟೆ ಬಾರಿಸಿದ ಮೇಲೂ ಹೊರಗೆ ನಿಲ್ಲಲು ಸಾಧ್ಯವಿರುವುದು ಈ ಗಿರಣಿ ಬಯಲಿನ ಮರಗಳ ನೆರಳಿನಲ್ಲಿ ಮಾತ್ರ. ಅಲ್ಲಿ ಹೆಂಗಸರು ಹಪ್ಪಳ ಒಣಗಿಸಲು ಬಂದು ಒಂದು ಸುತ್ತು ಆಡಿಹೋಗುತ್ತಾರೆ. ಮದುವೆಯ ಮಾತುಕತೆ ಐದನೆಯ ಬುಟ್ಟಿಯ ಹತ್ತಿರ ಶುರುವಾಗಿ ಏಳನೆಯದರ ಹತ್ತಿರ ಮುರಿದದ್ದೂ ಉಂಟು. ಈ ಬಯಲನ್ನು ತೆರವು ಮಂಡಳಿಯವರು ಈಗ ಕೇಳುತ್ತಿದ್ದಾರೆ. ಊರಿನ ಖಾಲಿ ಜಾಗಗಳನ್ನು ಹುಡುಕಿ ತಂಪುಮಾಳಿಗೆಗೆ ಕೊಡುವುದು ಅವರ ಕೆಲಸ. ನೂರೈವತ್ತು ವರ್ಷ ಜನರಿಗೆ ತೆರೆದಿದ್ದ ಬಯಲನ್ನು ಯಾರೂ ಮುಚ್ಚುವಂತಿಲ್ಲ ಎಂಬ ಕಾಯಿದೆ ನಮ್ಮಲ್ಲಿದೆ. ನಿಮ್ಮ ಕಾಲದಿಂದ ಲೆಕ್ಕ ಹಿಡಿದರೆ ಅಷ್ಟು ವರ್ಷ ಆಗಿಹೋಗಿವೆ, ಆದ್ದರಿಂದ ನಾವು ಧೈರ್ಯವಾಗಿದ್ದೆವು. ದಾಖಲೆ ಕೇಳಿದಾಗ ನಿಮ್ಮ ಸಮಿತಿಯ ನಡವಳಿ ಪುಸ್ತಕವನ್ನು ಹೆಮ್ಮೆಯಿಂದ ಒಯ್ದು ಮೇಜಿನ ಮೇಲಿಟ್ಟವಳು ನಾನೇ.

ಮಂಡಳಿಯ ಅಧಿಕಾರಿ ಪುಸ್ತಕವನ್ನು ಮೊದಲಿನಿಂದ ಓದಲಿಲ್ಲ, ಕೊನೆಯ ಪುಟ ತೆರೆದು ಹಿಂದಕ್ಕೆ ಮಗುಚುತ್ತ ಹೋದ. “ನೋಡ್ರೀ ಅಮ್ಮಾರ, ಇದನ್ನ ನಿಮ್ಮವರ ಬರದಾರ. ‘ಮಾನ್ಯ ಮಂತ್ರಿಗಳ ದಿನಾಂಕ ದೊರೆಯದ ಕಾರಣ ಮೈದಾನದ ಉದ್ಘಾಟನೆಯನ್ನು ಮುಂದೂಡಲಾಯಿತು.’ ಹದಿನೇಳು ಸಭಾದಾಗೂ ಇದ ಐತಿ. ಮುಂದೂಡಿದ್ದು ಇನ್ನೂ ಮುಂದನ ಐತಿ. ಉದ್ಘಾಟನೀನ ಆಗಿಲ್ಲಂದ್ರ ಮೈದಾನ ತೆರದಿಲ್ಲ. ತೆರೀಲಾರದ ಜಾಗ ಖಾಲಿ ಜಾಗ.”

ನನ್ನ ಜೊತೆ ಬಂದಿದ್ದ ದ್ಯಾಮವ್ವ ಮೇಜಿಗೆ ಕೈಯೂರಿದಳು. “ನೀ ಹುಟ್ಟಿದಾಗ ಯಾರರ ರಿಬ್ಬನ್ ಕತ್ತರಿಸಿದ್ರೇನೋ ತಮ್ಮಾ? ಮತ್ತ ನೀ ಅದೀ ಅಂತ ನಾವು ಹೆಂಗ ನಂಬೂದು?” ಎಂದಳು. ಕಚೇರಿಯೆಲ್ಲ ನಕ್ಕಿತು, ಅವನೂ ನಕ್ಕ. ನಕ್ಕು, “ಅಜ್ಜೀ, ನಗಿಸಿದ್ರಿ ಅಂತ ಆದೇಶ ಬದಲಾಗೂದಿಲ್ರೀ. ಸೋಮವಾರದೊಳಗ ಬರದದ್ದು ಏನರ ಇದ್ರ ತರ್ರಿ,” ಎಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ.

ಮಾಸ್ತರೇ, ನಾನು ನಿಮ್ಮ ಕಾಲದ ಪತ್ರಿಕೆಗಳನ್ನು ಬಹಳ ಓದಿದ್ದೇನೆ. ಕಟ್ಟಿ ಮುಗಿದ ಬಸ್ ನಿಲ್ದಾಣದ ಮುಂದೆ ಹಗ್ಗ ಕಟ್ಟಿ ಜನರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದಿರಂತೆ, ಗಣ್ಯರು ಬರುವವರೆಗೆ. ನಿಮ್ಮ ಉದ್ಯಾನಗಳ ಫಲಕಗಳನ್ನೂ ಓದಿದ್ದೇನೆ. ಹುಲ್ಲಿನ ಮೇಲೆ ನಡೆಯಬಾರದು, ಚೆಂಡು ತರಬಾರದು, ಮರ ಹತ್ತಬಾರದು. ಹಾಗಾದರೆ ಉದ್ಯಾನ ಯಾರಿಗೆ? ಇಂಥ ಊರಿನಲ್ಲಿ ನೀವು, ನಿವೃತ್ತರಾದ ವ್ಯಾಯಾಮ ಶಿಕ್ಷಕರು, ಬಡವರ ಮಕ್ಕಳೂ ಮುದುಕರೂ ಒಟ್ಟಿಗೆ ಆಡಬಹುದಾದ ಆಟವೊಂದಿದೆ ಎಂದು ಹದಿನಾಲ್ಕು ತಿಂಗಳು ಕಚೇರಿಗಳಿಗೆ ಅಲೆದಿರಿ. ಅರವತ್ತೆಂಟನೆಯ ವಯಸ್ಸಿನಲ್ಲಿ ಕುಡುಗೋಲು ಹಿಡಿದು ಜಾಲಿ ಕಡಿದಿರಿ. ಅದನ್ನು ನಾನು ಮರೆತಿಲ್ಲ. ಅದರಿಂದಲೇ ನನಗೆ ಹೆಚ್ಚು ಸಿಟ್ಟು. ಬುಟ್ಟಿಗಳನ್ನು ನಿಲ್ಲಿಸಿ, ಅವಕ್ಕೆ ಪ್ಲಾಸ್ಟಿಕ್ ಸುತ್ತಿ, ಗೇಟಿಗೆ ಬೀಗ ಹಾಕಿ, ಎರಡು ವರ್ಷ ಕಾದಿರಿ! ಆಡಲು ಬಂದವರನ್ನು, “ಮಂತ್ರಿಗಳು ಬರ್ಲಾರದ ಹೆಂಗ ಆಡೂದೋ? ಊರ ಮರ್ಯಾದಿ ಏನಾಗಬೇಕು?” ಎಂದು ಗದರಿಸಿ ಕಳಿಸಿದಿರಿ. ಈ ಮಾತು ನಮ್ಮ ಮನೆಯಲ್ಲಿ ಐದು ತಲೆಮಾರಿನಿಂದ ನಿಮ್ಮದೇ ದನಿಯಲ್ಲಿ ಉಳಿದುಬಂದಿದೆ, ಏಕೆಂದರೆ ಗದರಿಸಿಕೊಂಡವರಲ್ಲಿ ನಮ್ಮವಳೂ ಒಬ್ಬಳಿದ್ದಳು.

ಮುಂದೆ ಆಗುವುದು ಇಷ್ಟು. ನಾಳೆ ಹದಿನೇಳನೆಯ ಸಲ ಮುಂದೂಡುತ್ತೀರಿ, ಆಮೇಲೆ ಬೇಸತ್ತು ಸಭೆ ಸೇರುವುದನ್ನೇ ಬಿಡುತ್ತೀರಿ. ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯುತ್ತದೆ. ಜನ ಆ ಸಂದಿನಿಂದ ನುಗ್ಗಿ, ಪ್ಲಾಸ್ಟಿಕ್ ಹರಿದು, ಆಡತೊಡಗುತ್ತಾರೆ. ಅಂದಿನಿಂದ ಆಟ ಒಂದು ದಿನವೂ ನಿಂತಿಲ್ಲ. ಆದರೆ ಕಳ್ಳದಾರಿಯಿಂದ ಬಂದೆವೆಂಬ ಅಳುಕಿನಲ್ಲಿ ಯಾರೂ ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ನೂರಾರು ಜನ ನಡೆದು ಸವೆಸಿದ ದಾರಿ ಕಣ್ಣೆದುರಿಗೇ ಇದೆ, ಮಂಡಳಿಗೆ ಕಾಣುವುದು ನೀವು ಬರೆದ ಸಾಲು ಮಾತ್ರ.

ಮಂತ್ರಿಗಳು ಬರುವುದಿಲ್ಲ, ಮಾಸ್ತರೇ. ಅವರ ಅಂದಿನ ಪ್ರವಾಸ ಪಟ್ಟಿಗಳು ನಮ್ಮ ಗ್ರಂಥಾಲಯದಲ್ಲಿವೆ. ಎರಡು ವರ್ಷದ ಪಟ್ಟಿಯನ್ನೂ ನೋಡಿದೆ, ಹತ್ತಿಕೊಪ್ಪದ ಹೆಸರು ಒಮ್ಮೆಯೂ ಇಲ್ಲ. ನಿಮ್ಮ ಮನವಿ ಅವರ ಮೇಜು ತಲುಪಿದ್ದಕ್ಕೂ ಗುರುತಿಲ್ಲ.

ಆದ್ದರಿಂದ ನಾಳೆ ಸಭೆಯನ್ನು ಕೋಣೆಯಲ್ಲಿ ನಡೆಸಬೇಡಿ, ಬಯಲಿನಲ್ಲಿ ನಡೆಸಿ. ಬೀಗ ತೆಗೆಯಿರಿ. ಶಾಲು ಬೇಡ, ಹಾರ ಬೇಡ, ವಂದನಾರ್ಪಣೆ ಬೇಡ. ಗೇಟಿನ ಹೊರಗೆ ಯಾರು ನಿಂತಿದ್ದಾರೋ ಅವರ ಕೈಗೆ ಡಿಸ್ಕ್ ಕೊಡಿ, ಎಸೆಯಲಿ. ಎಸೆತ ತಪ್ಪಿದರೂ ಸರಿ. ಅದಾದ ಮೇಲೆ ಪುಸ್ತಕ ತೆರೆದು, “ಇಂದು ಆಟ ಶುರುವಾಯಿತು” ಎಂದು ಬರೆದು ತಾರೀಖು ಹಾಕಿ, ಬಂದವರಿಂದೆಲ್ಲ ಸಹಿ ಹಾಕಿಸಿ. ಸಹಿ ಬಾರದವರ ಹೆಬ್ಬೆಟ್ಟು ಒತ್ತಿಸಿ. ನಾನು ಕೇಳುವುದು ಈ ಒಂದು ಸಾಲು, ಬೇರೇನಲ್ಲ.

ನೀವು ಬರೆಯದೆಯೂ ಹೋಗಬಹುದು. ಹಿನ್ನೋಲೆಗಳಲ್ಲಿ ಅರ್ಧದಷ್ಟನ್ನು ಓದಿದವರು ತಮಾಷೆಯೆಂದು ಹರಿದು ಹಾಕುತ್ತಾರೆಂದು ಕೇಳಿದ್ದೇನೆ. ಹಾಗಾದರೂ ನಮ್ಮ ತೀರ್ಮಾನ ಬದಲಾಗದು. ಸೋಮವಾರ ಗೋಡೆ ಕಟ್ಟಲು ಮಂಡಳಿಯ ಕಲ್ಲು ತುಂಬಿದ ಗಾಡಿಗಳು ಬರುವ ಹೊತ್ತಿಗೆ ನಾವು ನಲವತ್ತೆರಡು ಮಂದಿ ಮೊದಲ ಬುಟ್ಟಿಯಿಂದ ಆಟ ಶುರುಮಾಡಿರುತ್ತೇವೆ. ಅನುಮತಿ ಕೇಳಿಲ್ಲ, ಕೇಳುವುದೂ ಇಲ್ಲ. ಗೋಡೆ ಕಟ್ಟುವುದಿದ್ದರೆ ನಮ್ಮನ್ನು ಒಳಗಿಟ್ಟೇ ಕಟ್ಟಲಿ. ನನ್ನ ಎಸೆತ ಈಗ ಹತ್ತು ಮಾರು ದಾಟುವುದಿಲ್ಲ, ಒಂಬತ್ತು ಬುಟ್ಟಿ ಮುಗಿಸಲು ನನಗೆ ಇಡೀ ಬೆಳಿಗ್ಗೆ ಬೇಕು. ಗಾಡಿಯವರು ಕಾಯಲಿ. ನನ್ನ ಸರದಿಯನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ.

ಇಂದುಮತಿ ಗಂಜಿಗಟ್ಟಿ
ಗಿರಣಿ ಬಯಲಿನ ಆಟಗಾರ್ತಿ